ಶುಕ್ರವಾರದ ಹಾಳೆ

ಹವಾಮಾನ ಕಚೇರಿ,
ಶನಿವಾರ, ಅಕ್ಟೋಬರ್ ೧೮, ಬೆಳಿಗ್ಗೆ ಹನ್ನೊಂದು

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಎಡಮಂಡಿಯ ನೋವು ಹೇಗಿದೆ? ಬಡಗಿ ಮಾವನ ಕೆಮ್ಮು? ಇಬ್ಬರೂ ಬೆಟ್ಟದ ಮೇಲಿನ ಆ ಗುಡಿಸಿಲಲ್ಲಿ ಬೆಚ್ಚಗೆ ಮಲಗಿದ್ದಿರಿ ಎಂದುಕೊಳ್ಳುತ್ತೇನೆ. ಹಾಗೆ ಅಂದುಕೊಳ್ಳದೆ ಈ ಕಾಗದವನ್ನು ಮುಂದುವರಿಸಲು ನನ್ನಿಂದಾಗದು. ಅಮ್ಮ ಆರಾಮಾಗಿದ್ದಾಳೆ. ಅಂದರೆ, ಬೆಳಿಗ್ಗೆಯಿಂದ ನನ್ನ ಕಚೇರಿಯ ಬೆಂಚಿನ ಮೇಲೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ. ಯಾರು ಟೀ ಕೊಟ್ಟರೂ ಬೇಡವೆನ್ನುತ್ತಾಳೆ. ನನ್ನನ್ನು ಒಂದು ಮಾತೂ ಬಯ್ದಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಈ ಕಾಗದ ತರುತ್ತಿರುವವರು ನಮ್ಮ ಬೇಕರಿಯವರು. ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಕರೆತರುವ ತಂಡಕ್ಕೆ ಈ ವರ್ಷ ಅವರೇ ಮುಖಂಡರು. ಗಾಳಿ ಸ್ವಲ್ಪ ತಗ್ಗಿದರೆ ಹನ್ನೆರಡಕ್ಕೆ ಆರು ಜನ ಹೊರಡುತ್ತಾರೆ, ಸಂಜೆ ಐದರೊಳಗೆ ಗುಡಿಸಿಲು ಮುಟ್ಟುತ್ತಾರೆ. ಕಾಗದ ಬರೆಯಲು ಹೇಳಿದವರೂ ಅವರೇ. "ನೀವೇ ಬರೆದುಕೊಡಿ ಮೇಡಂ. ನಾನು ಹೇಳಿದ್ರೆ, ಬ್ರೆಡ್ ಸುಡೋನಿಗೆ ಗಾಳಿ ವಿಷಯ ಏನ್ ಗೊತ್ತು ಅಂತಾರೆ ನಿಮ್ಮಪ್ಪ" ಅಂದರು. ಅಂದೇ ಅನ್ನುತ್ತೀರಿ. ಹನ್ನೆರಡು ವರ್ಷದಿಂದ ನನ್ನ ಹವಾಮಾನದ ಹಾಳೆ ಬಿಟ್ಟು ಯಾರ ಮಾತನ್ನೂ ನೀವು ಕೇಳಿಲ್ಲ. ಬಸ್ ನಿಲ್ದಾಣದ ಫಲಕದ ಮುಂದೆ ಕನ್ನಡಕ ಹಣೆಗೇರಿಸಿ ನಿಂತು, "ಬರೆದೋಳು ನನ್ನ ಮಗಳು" ಎಂದು ಗುರುತಿಲ್ಲದವರಿಗೂ ಹೇಳುವ ನಿಮ್ಮನ್ನು ಕಂಡು ಎಷ್ಟು ಸಲ ನಾಚಿಕೊಂಡಿದ್ದೇನೋ. ಒಳಗೊಳಗೇ ಖುಷಿಯೂ ಆಗುತ್ತಿತ್ತು ಅನ್ನಿ.

ನಿನ್ನೆಯ ಹಾಳೆಯಲ್ಲಿ ತಪ್ಪಿತ್ತು, ಅಪ್ಪಾ. ನಮ್ಮ ಕಚೇರಿಯಲ್ಲಿ ದಿನವೂ ಹೊಸ ಹಾಳೆ ಬರೆಯುವುದಿಲ್ಲ. ಹಿಂದಿನ ದಿನದ್ದನ್ನೇ ತೆರೆದು, ಬದಲಾದ ಅಂಕಿಗಳನ್ನಷ್ಟೇ ತಿದ್ದಿ, ಮೇಲೆ ತಾರೀಖು ಹಾಕುತ್ತೇವೆ. ಬೇಸಿಗೆಯಲ್ಲಿ ಅದು ನಡೆಯುತ್ತದೆ. ಶರತ್ಕಾಲದಲ್ಲಿ ಬೆಟ್ಟ ನಿನ್ನೆಯಂತೆ ಇಂದು ಇರುವುದಿಲ್ಲ. ಕೆಳಗೆ ಪೇಟೆಯಲ್ಲಿ ಜನ ಅಂಗಿಯ ತೋಳು ಮಡಚಿ ಬಿಸಿಲಿಗೆ ಕೂತಿರುವಾಗಲೇ ಮೇಲೆ ಒಂದು ಮಧ್ಯಾಹ್ನದೊಳಗೆ ಹದಿನೈದು ಡಿಗ್ರಿ ಇಳಿದುಬಿಡುತ್ತದೆ. ನಾನು ಗಾಳಿಯ ಅಂಕಿ ತಿದ್ದಿದೆ, ಮಳೆಯದ್ದು ತಿದ್ದಿದೆ, ಸೂರ್ಯ ಮುಳುಗುವ ಹೊತ್ತನ್ನು ಎರಡು ನಿಮಿಷ ಹಿಂದಕ್ಕೆ ತಂದೆ. ಯಾವ ಎತ್ತರದಿಂದ ಮೇಲೆ ನೀರು ಹೆಪ್ಪುಗಟ್ಟುತ್ತದೆ ಎಂಬ ಸಾಲು ಮಾತ್ರ ಗುರುವಾರದ್ದೇ ಉಳಿಯಿತು: ಎರಡು ಸಾವಿರದ ಎಂಟುನೂರು ಮೀಟರ್. ನನ್ನ ಟಿಪ್ಪಣಿ ಪುಸ್ತಕದಲ್ಲಿ ನನ್ನದೇ ಅಕ್ಷರದಲ್ಲಿ ಒಂದು ಸಾವಿರದ ಒಂಬೈನೂರು ಎಂದಿದೆ. ಗುಡಿಸಿಲು ಇರುವುದು ಎರಡು ಸಾವಿರದ ಮುನ್ನೂರರಲ್ಲಿ. ಬೆಟ್ಟದ ನೆತ್ತಿಯುದ್ದಕ್ಕೂ ಹೋಗುವ ಏಣುದಾರಿ ಅದಕ್ಕೂ ಮೇಲೆ. ನಾನೊಂದು ಒತ್ತಕ್ಷರ ಬಿಟ್ಟರೆ ಫಲಕದ ಮೇಲೆಯೇ ಪೆನ್ಸಿಲ್ಲಿನಲ್ಲಿ ತಿದ್ದುವ ನೀವು ಅಂಕಿಗಳನ್ನು ಎಂದೂ ಅನುಮಾನಿಸಲಿಲ್ಲ.

ನಿನ್ನೆ ಸಂಜೆ ಮನೆಗೆ ಹೋದಾಗ ನೀವು ಬೆಟ್ಟಕ್ಕೆ ಹೋದದ್ದು ನನಗೆ ತಿಳಿದದ್ದು ಅಮ್ಮನಿಂದಲ್ಲ, ಬಾಗಿಲ ಹಿಂದಿನ ಮೊಳೆಯಿಂದ. ಟೋಪಿ ಇರಲಿಲ್ಲ, ಕೋಲು ಇರಲಿಲ್ಲ, ಬೂಟಿಗೆ ಕಟ್ಟುವ ಕಬ್ಬಿಣದ ಮುಳ್ಳುಗಳು ಮಾತ್ರ ತೂಗುತ್ತಿದ್ದವು. "ಹಾಳೇಲಿ ಮಂಜುಗಡ್ಡೆ ಇಲ್ಲ, ಸುಮ್ನೆ ಯಾಕೆ ಒಂದು ಕೇಜಿ ಹೊರಲಿ ಅಂದ್ರು" ಎಂದಳು ಅಮ್ಮ. ಚಪ್ಪಲಿಯನ್ನೂ ಬಿಡದೆ ಫೋನಿನ ಹತ್ತಿರ ಓಡಿದೆ. ಗುಡಿಸಿಲಿಗೆ ಫೋನ್ ಮಾಡಿದರೆ ಎತ್ತಿದ್ದು ಬಡಗಿ ಮಾವ. "ಏನಮ್ಮಾ ಗಾಳಿ ಮೇಡಂ, ನಿಮ್ಮಪ್ಪ ನನ್ನ ಓಡಿಸಿಕೊಂಡು ಬಂದ್ರು ನೋಡು. ನಾಳೆ ಏಳಕ್ಕೆ ಏಣು ದಾಟ್ತೀವಿ" ಎಂದು ನಕ್ಕರು. ನಾನು "ಮಾವಾ, ನಾಳೆ" ಎನ್ನುವಷ್ಟರಲ್ಲಿ ಲೈನು ಹೋಯಿತು. ಆಮೇಲೆ ಬರಲೇ ಇಲ್ಲ. ಅಲ್ಲಿ ಮೊಬೈಲ್ ಸಿಗುವುದಿಲ್ಲವೆಂದು ಗೊತ್ತಿದ್ದೂ ನಿಮ್ಮ ನಂಬರಿಗೆ ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ.

ಬೆಳಿಗ್ಗೆ ಏಳಕ್ಕೆ ಇಲ್ಲಿಂದ ಬೆಟ್ಟವೇ ಕಾಣುತ್ತಿರಲಿಲ್ಲ. ಏಣಿನ ಮೇಲಿನ ಯಂತ್ರ ಗಂಟೆಗೆ ತೊಂಬತ್ತು ಕಿಲೋಮೀಟರ್ ಗಾಳಿ ತೋರಿಸಿ, ಆಮೇಲೆ ಏನನ್ನೂ ತೋರಿಸುತ್ತಿಲ್ಲ. ನೀವು ಹೊರಟಿರೋ, ಬಾಗಿಲು ತೆಗೆದು ನೋಡಿ ಹಿಂದಕ್ಕೆ ಬಂದಿರೋ? ಬಂದಿರುತ್ತೀರಿ, ನೀವು ಮೂರ್ಖರಲ್ಲ. ಆದರೆ ಹಾಳೆಯಲ್ಲಿ ಶನಿವಾರಕ್ಕೆ "ಬೆಳಗಿನ ಮಂಜು, ಒಂಬತ್ತರ ಹೊತ್ತಿಗೆ ತಿಳಿ" ಎಂದು ಬರೆದವಳೂ ನಾನೇ. ಹೊರಗಿನ ಬೆಳ್ಳನೆಯದನ್ನು ನೋಡಿ, ಇದು ಮಗಳು ಹೇಳಿದ ಮಂಜೇ ಎಂದುಕೊಂಡಿರಾ? ಈ ಪ್ರಶ್ನೆ ಬಂದಾಗಲೆಲ್ಲ ಅಕ್ಷರ ಸೊಟ್ಟಗಾಗುತ್ತದೆ. ಕ್ಷಮಿಸಿ.

ಇನ್ನೊಂದು ಮಾತು. ಇದನ್ನು ಅಮ್ಮನಿಗೆ ಹೇಳಿಲ್ಲ. ತಪ್ಪು ನನ್ನ ಕಣ್ಣಿಗೆ ಬಿದ್ದದ್ದು ಸಂಜೆಯಲ್ಲ, ನಿನ್ನೆ ಬೆಳಿಗ್ಗೆ ಒಂಬತ್ತೂವರೆಗೇ. ಅಂಟಿಸಿದ ಹಾಳೆಯನ್ನು ಬದಲಿಸಬೇಕಾದರೆ ತಪ್ಪೊಪ್ಪಿಗೆ ಪುಸ್ತಕದಲ್ಲಿ ಕಾರಣ ಬರೆದು ಸಹಿ ಹಾಕಿ, ಸಾಹೇಬರ ಮುಂದೆ ನಿಲ್ಲಬೇಕು. ಈ ತಿಂಗಳಲ್ಲಿ ಒಮ್ಮೆ ನಿಂತಾಗಿತ್ತು. ಶುಕ್ರವಾರ ಯಾರು ಬೆಟ್ಟ ಹತ್ತುತ್ತಾರೆ, ಸಂಜೆಯ ಹಾಳೆಯಲ್ಲಿ ಸರಿಮಾಡಿದರಾಯಿತು ಎಂದುಕೊಂಡೆ. ನಿಮ್ಮ ಬಸ್ಸು ಬೆಟ್ಟದ ಬುಡ ಮುಟ್ಟುವುದು ಹತ್ತಕ್ಕೆ. ಅಲ್ಲಿನ ಟೀ ಅಂಗಡಿಯಲ್ಲಿ ಫೋನ್ ಇದೆ. ಆಗಲೇ ತಿದ್ದಿದ್ದರೆ ಅಂಗಡಿಯವನಿಗೆ ಎಂದಿನಂತೆ ಫೋನ್ ಮಾಡುತ್ತಿದ್ದೆ, ಅವನು ನಿಮ್ಮನ್ನು ನಿಲ್ಲಿಸುತ್ತಿದ್ದ. ಅರ್ಧ ಗಂಟೆ ಇತ್ತು, ಅಪ್ಪಾ. ಬಸ್ಸಿನಲ್ಲಿ ಕೂತಿದ್ದವರು ನೀವಲ್ಲದೆ ಬೇರೆಯವರಾಗಿದ್ದರೆ ನಾನು ಇಷ್ಟು ನಡುಗುತ್ತಿದ್ದೆನೇ? ಉತ್ತರ ಹುಡುಕಲು ಹೆದರುತ್ತಿದ್ದೇನೆ. ಪುಸ್ತಕದಲ್ಲಿ ಇವತ್ತು ಬೆಳಿಗ್ಗೆ ಎಲ್ಲವನ್ನೂ ಬರೆದು ಸಹಿ ಹಾಕಿದ್ದೇನೆ, ಒಂಬತ್ತೂವರೆಯನ್ನೂ ಸೇರಿಸಿ.

ಮುಳ್ಳುಗಳನ್ನು ಬೇಕರಿಯವರ ಚೀಲದಲ್ಲಿಟ್ಟಿದ್ದೇನೆ, ಮಾವನಿಗೂ ಒಂದು ಜೊತೆ. ಅಮ್ಮ ಉಣ್ಣೆಯ ಕಾಲುಚೀಲ ಕಳಿಸಿದ್ದಾಳೆ. ಹಾಕಿಕೊಳ್ಳದೆ ಮಡಚಿ ವಾಪಸ್ ತಂದರೆ ಮನೆಗೆ ಸೇರಿಸುವುದಿಲ್ಲವಂತೆ. ಮಾವನಿಗೆ ನನ್ನ ನಮಸ್ಕಾರ ಹೇಳಿ, ಬಯ್ದರೆ ಬಯ್ಯಲಿ. ನಿಮ್ಮ ಕಾಲಿಗೆ ಬಿದ್ದು ಕೇಳುತ್ತಿದ್ದೇನೆ, ಹುಷಾರಾಗಿರಿ.

ನಿಮ್ಮ ಮಗಳು

ಮರೆತಿದ್ದೆ: ಬೇಕರಿಯವರು ಬೂಟಿನ ಲೇಸು ಬಿಗಿಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ನಾಳೆ ಬೆಳಿಗ್ಗೆ ಆಕಾಶ ತೊಳೆದಿಟ್ಟಂತೆ ನೀಲಿಯಾಗಿರುತ್ತದೆ. ನಂಬಬೇಡಿ. ಎರಡು ಗಂಟೆಯ ಬಿಡುವು ಅಷ್ಟೇ. ಹತ್ತರ ಮೇಲೆ ಇವತ್ತಿನದಕ್ಕಿಂತ ಜೋರು ಗಾಳಿ ಬರುತ್ತದೆ. ಸೋಮವಾರದವರೆಗೆ ಅಲ್ಲೇ ಇರಿ. ಈಗಷ್ಟೇ ಒಂದು ನಿಮಿಷ ಮೋಡ ಸರಿಯಿತು. ನೀವು ಒಲೆಯ ಬೂದಿಗೆ ನೀರು ಹೊಯ್ದು, ಕೈಯಿಂದ ಮುಟ್ಟಿ ನೋಡದೆ ಯಾವ ಗುಡಿಸಿಲನ್ನೂ ಬಿಟ್ಟು ಹೊರಟವರಲ್ಲ, ಹೊಗೆ ಇದ್ದರೆ ನೀವು ಒಳಗೇ ಇದ್ದೀರಿ ಎಂದು ಅಮ್ಮ ದೂರದರ್ಶಕ ಕಿತ್ತುಕೊಂಡು ಚಿಮಣಿ ಹುಡುಕಿದಳು. "ಹೊಗೆ ಕಣೇ, ಹೊಗೆ!" ಎಂದು ಕೂಗಿದಳು. ನಾನೂ ನೋಡಿದೆ. ಮೋಡ ಯಾವುದು, ಹೊಗೆ ಯಾವುದು ಎಂದು ಹೇಳುವುದೇ ನನ್ನ ಕೆಲಸ, ನನಗೆ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಎಂದೇ ಇವತ್ತು ಬರೆಯುತ್ತಿದ್ದೇನೆ. ಹೊಗೆಯೇ ಆಗಿದ್ದರೆ, ಅಪ್ಪಾ, ಒಲೆಗೆ ಇನ್ನೊಂದು ಕೊರಡು ಹಾಕಿ.