ಊಟಕ್ಕೆ ಮುಂಚಿನ ಆಮೆನ್

ಸಭಾಪಾಲಕ ಅಯ್ಯನವರಿಗೆ ವಂದನೆಗಳು.

ಈ ಭಾನುವಾರ ನಮ್ಮವರನ್ನು ಆರಾಧನೆಗೆ ಕರೆತರುತ್ತೇನೆ. ಗಾಲಿಕುರ್ಚಿ ಹಿಡಿಸುವಂತೆ ಕೊನೆಯ ಬೆಂಚನ್ನು ತುಸು ಸರಿಸಿಡಿ. ಲಕ್ವ ಹೊಡೆದ ಮೇಲೆ ಅವರಿಗೆ ಉಳಿದಿರುವುದು 'ಆಮೆನ್' ಎಂಬ ಒಂದೇ ಮಾತು. ಬಸ್ ಡ್ರೈವರನ ಬಾಯಲ್ಲಿ ಬೈಗುಳ ಉಳಿಯದೆ ಅದು ಉಳಿಯಿತಲ್ಲ, ದೇವರಿಗೆ ಸ್ತೋತ್ರ. ನಿಮ್ಮ ಪ್ರಸಂಗದ ನಡುವೆ ಅಂದುಬಿಟ್ಟರೆ ಬೇಸರಿಸಬೇಡಿ. ಬೇಗ ಮುಗಿಸಿ ಅಂತ ಅರ್ಥವಲ್ಲ.

ನನ್ನನ್ನು ಮಾತ್ರ ದೇವರ ಉಪಕಾರಕ್ಕೆ ಸಾಕ್ಷಿ ಹೇಳಲು ಎಬ್ಬಿಸಬೇಡಿ. ಜನರೆದುರು ನನಗೆ ನಾಲಿಗೆ ಹೊರಳುವುದಿಲ್ಲ. ಹೇಳಬೇಕಾದ್ದನ್ನು ಇಲ್ಲೇ ಬರೆಯುತ್ತೇನೆ.

ಊಟಕ್ಕೆ ಮುಂಚೆ ಅವರದು ಮೊದಲಿನಿಂದಲೂ ಉದ್ದದ ಪ್ರಾರ್ಥನೆ. ಬಸ್ಸಿನ ಬ್ರೇಕು, ಕಂಡಕ್ಟರನ ಮೊಣಕಾಲು, ಎದುರುಮನೆ ಅಜ್ಜಿ, ಯಾರನ್ನೂ ಬಿಡುತ್ತಿರಲಿಲ್ಲ. "ಊಟ ಆರೋಗುತ್ತೆ ರೀ, ದೇವರಿಗೆ ಎಲ್ಲಾ ಗೊತ್ತಿರುತ್ತೆ" ಎಂದು ನಾನು ಗೊಣಗುತ್ತಿದ್ದೆ.

ಈಗ ಆ ಕೆಲಸ ನನ್ನ ಪಾಲಿಗೆ ಬಂದಿದೆ. ನಿನ್ನೆ ಎರಡೇ ಮಾತಿನಲ್ಲಿ ಪ್ರಾರ್ಥನೆ ಮುಗಿಸಿದೆ. ಅವರು ಆಮೆನ್ ಅನ್ನಲಿಲ್ಲ. ಬ್ರೇಕು, ಮೊಣಕಾಲು, ಅಜ್ಜಿ, ಕೊನೆಗೆ ನಿಮ್ಮನ್ನೂ ಸೇರಿಸಿದೆ. ಊಹೂಂ, ಚಮಚ ಹಿಡಿದು ಕೂತೇ ಇದ್ದರು.

"ಇನ್ಯಾರು ಉಳಿದ್ರು ರೀ?" ಅಂದೆ.

ಅವರ ಕೈಯ ಚಮಚ ನನ್ನ ಕಡೆ ತಿರುಗಿತು.

ನಾಚಿಕೆಯಾಯಿತು. ಆದರೂ ಕಣ್ಣು ಮುಚ್ಚಿ ಹೇಳಿದೆ: "ನನ್ನನ್ನೂ ಹರಸು, ತಂದೆಯೇ."

ಪಕ್ಕದ ಮನೆಗೂ ಕೇಳಿಸುವಂತೆ ಅಂದರು, "ಆಮೆನ್!"

ಊಟ ಪೂರ್ತಿ ಆರಿಹೋಗಿತ್ತು. ಇಬ್ಬರೂ ಹೊಟ್ಟೆ ತುಂಬ ಉಂಡೆವು.

ನಿಮ್ಮ ಸಭೆಯ,
ಡ್ರೈವರಮ್ಮ