ಮೆಣಸಿನ ಪುಡಿಯನ್ನು ರಕ್ತವೆಂದು ಓದಿದ ಮಂಡಳಿಗೆ

ಮಾನ್ಯ ಅಧ್ಯಕ್ಷರೇ,

ನಮ್ಮ ವಿಡಿಯೋ ಗೇಮನ್ನು ತಮ್ಮ ಪರಿಶೀಲನಾ ಮಂಡಳಿ ಕಳೆದ ವರ್ಷ ಮಾರ್ಚಿನಲ್ಲಿ ನಿಷೇಧಿಸಿತು. ಆದೇಶದಲ್ಲಿ ಅದಕ್ಕೆ ಮೂರು ವಿಶೇಷಣ ಕೊಟ್ಟಿದ್ದೀರಿ: ಕ್ರೂರ, ರೋಮಾಂಚಕಾರಿ, ಚಟ ಹಿಡಿಸುವಂಥದ್ದು. ಮೊದಲನೆಯದರ ಬಗ್ಗೆ ಕೂತು ವಾದ ಮಾಡಬಹುದು. ಉಳಿದೆರಡು ಅಪ್ಪಟ ಸುಳ್ಳು, ಮತ್ತು ಆ ಸುಳ್ಳಿನಿಂದಲೇ ನಮ್ಮೂರಿನ ಒಬ್ಬ ಮರ್ಯಾದಸ್ಥ ಮನುಷ್ಯನಿಗೆ ಅನ್ಯಾಯವಾಗಿದೆ. ಆ ಆಟವನ್ನು ಮಾಡಿದ ಇಬ್ಬರಲ್ಲಿ ನಾನೊಬ್ಬಳು. ನಿಷೇಧಕ್ಕೆ ಮುಂಚೆ ಅದನ್ನು ಕೊಂಡವರು ನಲವತ್ತೊಂದು ಜನ. ಅವರಲ್ಲಿ ಒಂಬತ್ತು ಜನ ವಾಪಸು ತಂದುಕೊಟ್ಟರು. ನನ್ನ ಸ್ವಂತ ಚಿಕ್ಕಮ್ಮ ಸಿ.ಡಿ.ಯನ್ನು ದ್ರಾಕ್ಷಿ ಬಳ್ಳಿಗೆ ಕಟ್ಟಿ ಹಕ್ಕಿ ಓಡಿಸುತ್ತಿದ್ದರು. ಅಲ್ಲಿ ಮಾತ್ರ ಅದು ಚೆನ್ನಾಗಿ ಕೆಲಸ ಮಾಡಿತೆಂದು ಕೇಳಿದ್ದೇನೆ. ಹೀಗಿರುವಾಗ ಚಟ ಹಿಡಿದದ್ದು ಯಾರಿಗೆ, ಸ್ವಾಮಿ?

ಆಟದ ಹೆಸರು 'ಜನವರಿಯ ಹಂದಿ'. ಬುಡಾಪೆಸ್ಟಿನಲ್ಲಿ ಕೂತವರಿಗೂ ತಿಳಿದಿರುವ ಹಾಗೆ, ನಮ್ಮ ಬೇಕೇಶ್ ಸೀಮೆಯಲ್ಲಿ ಚಳಿಗಾಲ ಬಂತೆಂದರೆ ಹಿತ್ತಿಲಲ್ಲಿ ಹಂದಿ ಕಡಿಯುತ್ತಾರೆ, ತೊಳೆದ ಕರುಳಿಗೆ ಮಾಂಸ ತುಂಬಿ ಇಡೀ ವರ್ಷಕ್ಕೆ ಸಾಸೇಜ್ ಮಾಡಿಡುತ್ತಾರೆ. ಮಕ್ಕಳು ಬೇಲಿ ಹತ್ತಿ ನೋಡುತ್ತವೆ. ಅದನ್ನು ಯಾವ ಮಂಡಳಿಯೂ ನಿಷೇಧಿಸಿಲ್ಲ. ನಿಷೇಧಿಸಿದರೆ ಮಂಡಳಿಯ ಸದಸ್ಯರೇ ಊಟಕ್ಕೆ ಪರದಾಡಬೇಕಾದೀತು. ನಾನು ಮೇಲೆ ಹೇಳಿದ ಮರ್ಯಾದಸ್ಥ ಗೆದೆಯೋನ್ ಮಾಮ ಐವತ್ತು ಚಳಿಗಾಲ ಸುತ್ತಲಿನ ಹಳ್ಳಿಗಳಲ್ಲಿ ಈ ಕೆಲಸ ಮಾಡಿದವರು. ಈಗ ಎಪ್ಪತ್ಮೂರು ವರ್ಷ, ಮೊಣಕಾಲು ಹೋಗಿದೆ, ಕಲಿಯಲು ಯಾರೂ ಬರಲಿಲ್ಲ. ನಾನು ಪಶುವೈದ್ಯರ ಕಚೇರಿಯಲ್ಲಿ ಗುಮಾಸ್ತೆ. ನನ್ನ ಅತ್ತೆಯ ಮಗ ಲೋರಾಂಟ್ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾನೆ, ಕಂಪ್ಯೂಟರ್ ಹುಚ್ಚು. ಮಾಮನ ತಲೆಯಲ್ಲಿರುವುದೆಲ್ಲ ಅವರೊಂದಿಗೇ ಹೋಗಬಾರದೆಂದು ನಾವಿಬ್ಬರೂ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ವರ್ಷ ಈ ಆಟ ಕಟ್ಟಿದೆವು.

ಆ ಎರಡು ವರ್ಷ ನಮ್ಮ ಅಡುಗೆಮನೆಯಲ್ಲಿ ನಡೆದ ಮಾತನ್ನು ತಮ್ಮ ಆದೇಶಕ್ಕೆ ಅನುಬಂಧವಾಗಿ ಸೇರಿಸಬೇಕಿತ್ತು. "ಏನೋ ಲೋರಾಂಟ್, ಈ ಹಂದಿಗೆ ಮೊಣಕಾಲೇ ಇಲ್ವಲ್ಲೋ" ಎನ್ನುವರು ಮಾಮ.

"ಮೊಣಕಾಲು ಹಾಕಿದ್ರೆ ಕಂಪ್ಯೂಟರ್ ನಿಂತೋಗುತ್ತೆ ಮಾಮ."

"ನಂದೂ ನಿಂತೋಗಿದೆ. ಹಾಗಂತ ಕಿತ್ತು ಬಿಸಾಕಿದೀನಾ? ಹಾಕೋ."

ಹಾಕಿದ. ಅಂದಿನಿಂದ ಹಂದಿ ಬೇಲಿಗೆ ಸಿಕ್ಕಿಕೊಂಡು ಅಲುಗಾಡದೆ ನಿಲ್ಲುತ್ತದೆ. ಈ ದೋಷವನ್ನು ನಮ್ಮಿಂದ ಇಂದಿಗೂ ಸರಿಪಡಿಸಲಾಗಿಲ್ಲ. ತಾವು ರೋಮಾಂಚಕಾರಿ ಎಂದಿರಿ ನೋಡಿ, ಅದಕ್ಕೆ ಹೇಳಿದೆ.

ಇನ್ನು ಕ್ರೌರ್ಯದ ವಿಚಾರ. ನಮ್ಮ ಆಟ ಮುಗಿಯಲು ನಾಲ್ಕು ಗಂಟೆ ಬೇಕು. ಅದರಲ್ಲಿ ಕೊಲ್ಲುವುದು ಮೂರು ಸೆಕೆಂಡು. ಮಿಕ್ಕಿದ್ದೆಲ್ಲ ಹುಲ್ಲು ಹೊತ್ತಿಸಿ ಚರ್ಮ ಸುಡುವುದು, ಕೆರೆಯುವುದು, ಕರುಳನ್ನು ಏಳು ನೀರಲ್ಲಿ ತೊಳೆಯುವುದು, ಹಂಡೆ ಕಲಕುವುದು. ಕಲಕುವುದನ್ನು ನಿಲ್ಲಿಸಿದರೆ ತಳ ಹಿಡಿಯುತ್ತದೆ, ಮತ್ತೆ ಮೊದಲಿನಿಂದ ಶುರು. ತಮ್ಮ ಪರೀಕ್ಷಕರು ಎಷ್ಟು ಹೊತ್ತು ಆಡಿದರು? ಆದೇಶದ ಎರಡನೇ ಪುಟದಲ್ಲಿ 'ಪ್ರಾಣಿಯ ಹತ್ಯೆಯೊಂದಿಗೆ ಆಟ ಮುಕ್ತಾಯವಾಗುತ್ತದೆ' ಎಂದಿದೆ. ಹತ್ಯೆಯಾಗುವುದು ನಾಲ್ಕನೇ ನಿಮಿಷದಲ್ಲಿ. ಆಮೇಲೆ ಹನ್ನೊಂದು ಸೆಕೆಂಡು ಪರದೆ ಕಪ್ಪಾಗಿರುತ್ತದೆ, ಏಕೆಂದರೆ ಲೋರಾಂಟನಿಗೆ ಅದಕ್ಕಿಂತ ಬೇಗ ಮಾಡಲು ಬರಲಿಲ್ಲ. ಆ ಹನ್ನೊಂದು ಸೆಕೆಂಡು ಕಾಯುವ ತಾಳ್ಮೆ ತಮ್ಮ ಪರೀಕ್ಷಕರಿಗಿರಲಿಲ್ಲ. ಎದ್ದು ಹೋಗಿ ಆದೇಶ ಬರೆದರು. ಜೊತೆಗೆ ಆಟದ ಡಬ್ಬಿಯ ಹಿಂಬದಿಯ ಚಿತ್ರವೊಂದನ್ನು ಅಂಟಿಸಿ, ಕೆಳಗೆ 'ರಕ್ತದ ಮಡು' ಎಂದು ಬರೆದರು. ಅದು ರಕ್ತವಲ್ಲ, ಮಾನ್ಯರೇ. ಮಾಂಸಕ್ಕೆ ಕಲೆಸಲು ತೊಟ್ಟಿಯಲ್ಲಿ ಸುರಿದ ಕೆಂಪು ಮೆಣಸಿನ ಪುಡಿ. ಮೂಲೆಯಲ್ಲಿ ಬೆಳ್ಳುಳ್ಳಿ ಕೂಡ ಕಾಣುತ್ತದೆ. ಬೆಳ್ಳುಳ್ಳಿ ತೇಲುವ ರಕ್ತದ ಮಡುವನ್ನು ತಾವು ಎಲ್ಲಿ ಕಂಡಿರಿ?

ಆ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂತು. ಪಾದ್ರಿಗಳು ಪ್ರವಚನದಲ್ಲಿ ಹೇಳಿದರು, ಮನಶ್ಶಾಸ್ತ್ರಜ್ಞರು ರೇಡಿಯೋದಲ್ಲಿ ಹೇಳಿದರು, ಟಿವಿಯಲ್ಲಿ ಆರು ಜನ ಒಂದೂವರೆ ಗಂಟೆ ಕಾದಾಡಿದರು. ಆರರಲ್ಲಿ ಒಬ್ಬರೂ ಆಡಿರಲಿಲ್ಲ. ಪರವಾಗಿ ಮಾತಾಡಿದವರೂ ಆಡಿರಲಿಲ್ಲ. ಪರಿಣಾಮವಾಗಿ ಪರದೇಶದ ಹುಡುಗರೆಲ್ಲ ಇಂಟರ್‌ನೆಟ್ಟಿನಲ್ಲಿ ಹುಡುಕಿ ಕದ್ದು ಆಡಿದರು, ನಮಗೆ ಕಾಗದ ಬರೆದರು. ಒಬ್ಬ ಕೇಳಿದ್ದಾನೆ: 'ಯುರೋಪಿನ ಅತ್ಯಂತ ಅಪಾಯಕಾರಿ ಆಟ ಅಂದ್ರು. ಎರಡು ಗಂಟೆಯಿಂದ ಕರುಳು ತೊಳೀತಾ ಇದೀನಿ. ಅಪಾಯ ಯಾವಾಗ ಬರುತ್ತೆ?' ಅವನಿಗೆ ಏನು ಉತ್ತರ ಬರೆಯಲಿ, ತಾವೇ ಹೇಳಿ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನಿಷೇಧದ ಮರು ತಿಂಗಳು, ಏಪ್ರಿಲ್ಲಿನಲ್ಲಿ, ಟಿವಿಯವರ ವ್ಯಾನು ಗೆದೆಯೋನ್ ಮಾಮನ ಅಂಗಳಕ್ಕೆ ಬಂತು. ಮಾಮ ಶುಭ್ರವಾದ ಅಂಗಿ ಹಾಕಿಕೊಂಡು, ಬಂದವರಿಗೆಲ್ಲ ಒಂದೊಂದು ಗುಟುಕು ಹಣ್ಣಿನ ಸಾರಾಯಿ, ಪಾಲಿಂಕಾ, ಬಗ್ಗಿಸಿಕೊಟ್ಟರು. ನಾನು ಅಲ್ಲೇ ಇದ್ದೆ. "ಮಕ್ಕಳಿಗೆ ಕೊಲ್ಲೋದು ಕಲಿಸ್ತೀರಾ?" ಎಂದು ಕೇಳಿದಳು ವರದಿಗಾರ್ತಿ. ಮಾಮ ಹೇಳಿದ್ದು ಇಷ್ಟು: "ಕೊಲ್ಲೋದು ಒಂದು ಕ್ಷಣದ ಕೆಲ್ಸ ಕಣಮ್ಮ. ಅದನ್ನ ಯಾರು ಬೇಕಾದ್ರೂ ಮಾಡ್ತಾರೆ. ತೊಳೆಯೋದು, ಒಂಚೂರೂ ಹಾಳು ಮಾಡದೆ ಇರೋದು, ಅದು ಕಲೀಬೇಕು." ದೇಶಕ್ಕೆ ತೋರಿಸಿದ್ದು ಮೊದಲ ಎರಡು ವಾಕ್ಯ.

ಊರಿನ ಪ್ರಾಥಮಿಕ ಶಾಲೆಯಲ್ಲಿ ಪ್ರತಿ ಜನವರಿ ಒಂದು ದಿನ ಮಾಮ ಮಕ್ಕಳಿಗೆ ಸಾಸೇಜ್ ತುಂಬುವುದನ್ನು ತೋರಿಸುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ನಡೆದು ಬಂದಿತ್ತು. ಈ ಜನವರಿಯಲ್ಲಿ ಏಪ್ರನ್ ಕಟ್ಟಿಕೊಂಡು ಹೋದವರನ್ನು ಮುಖ್ಯೋಪಾಧ್ಯಾಯಿನಿ ಇಬೋಯಾ ಗೇಟಿನಲ್ಲೇ ತಡೆದರು. "ಗೆದೆಯೋನಣ್ಣ, ನೀವು ಏನು ಅಂತ ನಂಗೊತ್ತಿಲ್ವಾ? ನಿಮ್ಮನ್ನ ಮಕ್ಕಳ ಹತ್ರ ಬಿಡಬಾರದು ಅಂತ ಮಂಡಳಿಯಿಂದ ಕಾಗದ ಬಂದಿದೆ, ನಾನೇನು ಮಾಡ್ಲಿ" ಎಂದು ಅತ್ತೇಬಿಟ್ಟರಂತೆ. ಮಾಮನೇ ಆಕೆಯನ್ನು ಸಮಾಧಾನಪಡಿಸಿ, ಸಾಸೇಜ್ ತುಂಬುವ ಯಂತ್ರವನ್ನು ಸೈಕಲ್ಲಿಗೆ ಕಟ್ಟಿ, ತಳ್ಳಿಕೊಂಡು ವಾಪಸು ಬಂದರು.

ಮರುದಿನ ನಮ್ಮ ಮನೆಗೆ ಬಂದು, "ಆ ಆಟ ಹಾಕು ಎತೆಲ್ಕಾ, ನಾನು ಏನು ತಪ್ಪು ಮಾಡಿದೀನಿ ನೋಡ್ಬೇಕು" ಎಂದರು. ಎರಡು ವರ್ಷ ಪಕ್ಕದಲ್ಲಿ ಕೂತು ಹೇಳಿಕೊಟ್ಟಿದ್ದರೇ ಹೊರತು ತಾವಾಗಿ ಒಮ್ಮೆಯೂ ಆಡಿರಲಿಲ್ಲ. ಕನ್ನಡಕ ಏರಿಸಿ, ಮೌಸನ್ನು ಮೊಟ್ಟೆಯ ಹಾಗೆ ಹಿಡಿದು ಆಡಿದರು. ನಾಲ್ಕನೇ ನಿಮಿಷ ಬಂತು. ಮಾಮ ಮೌಸಿನಿಂದ ಕೈ ತೆಗೆದರು. ತಲೆಯ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತರು.

"ಯಾಕೆ ಮಾಮ, ನಿಂತೋಯ್ತಾ?" ಎಂದ ಲೋರಾಂಟ್.

"ನಾನು ನಿಂತಿದೀನಿ. ಕತ್ತಿ ಎತ್ತೋಕೆ ಮುಂಚೆ ಒಂದು ನಿಮಿಷ ನಿಲ್ಲಬೇಕು. ನಮ್ಮಪ್ಪ ನಿಲ್ತಿದ್ದ, ನಾನೂ ನಿಲ್ತೀನಿ. ಇದನ್ನ ನೀವು ಹಾಕೇ ಇಲ್ಲ."

"ನೀವು ಹೇಳ್ಲೇ ಇಲ್ವಲ್ಲ ಮಾಮ."

"ಹೇಳೋ ವಿಷ್ಯ ಅಲ್ಲ ಅಂದ್ಕೊಂಡಿದ್ದೆ." ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡು ಅಂದರು: "ಆ ಮಂಡಳಿಯೋರು ಪೂರ್ತಿ ತಪ್ಪಲ್ಲ ಕಣ್ರೋ."

ನನಗೆ ಕೋಪ ಬಂತು, ಒಪ್ಪಿಕೊಳ್ಳುತ್ತೇನೆ. ಹತ್ತು ತಿಂಗಳಿಂದ ಆರೋಪ ಹೊತ್ತು ಓಡಾಡುತ್ತಿರುವ ಮನುಷ್ಯ ತಮ್ಮ ಮಂಡಳಿಯ ಪರ ವಹಿಸುತ್ತಿದ್ದರು. ಆಮೇಲೆ ನಾಚಿಕೆಯಾಯಿತು, ಏಕೆಂದರೆ ಅವರು ಹೇಳಿದ್ದು ನಿಜ. ಕಲಿಸಲೇಬೇಕಾಗಿದ್ದ ಒಂದು ವಿಷಯವನ್ನು ನಾವು ಬಿಟ್ಟಿದ್ದೆವು, ಮೊಣಕಾಲಿನ ಬಗ್ಗೆ ತಲೆ ಕೆಡಿಸಿಕೊಂಡು. ಈ ದೋಷವನ್ನು ತಮ್ಮ ಮಂಡಳಿ ಎತ್ತಿ ತೋರಿಸಿದ್ದರೆ ಕಾಲಿಗೆ ಬೀಳುತ್ತಿದ್ದೆ. ತೋರಿಸಿದ್ದು ಮಾತ್ರ ಮಾಂಸಕ್ಕೆ ಕಲೆಸುವ ಮಸಾಲೆಯನ್ನು.

ಲೋರಾಂಟ್ ಬೇಸಿಗೆಯೆಲ್ಲ ಕೂತು ಅದನ್ನು ಸೇರಿಸಿದ. ಈಗ ಆ ಜಾಗ ಬಂದಾಗ ಪೂರಾ ಒಂದು ನಿಮಿಷ ಯಾವ ಗುಂಡಿ ಒತ್ತಿದರೂ ಏನೂ ಆಗುವುದಿಲ್ಲ. ಹಂದಿ ಉಸಿರಾಡುತ್ತಿರುತ್ತದೆ, ಆಡುವವನು ನೋಡುತ್ತಿರಬೇಕು. ಮೊದಲೇ ಬೇಸರದ ಆಟ ಇನ್ನಷ್ಟು ನಿಧಾನವಾಯಿತು. ವಿಚಿತ್ರವೆಂದರೆ, ಆ ನಿಮಿಷದಲ್ಲಿ ಎದ್ದು ಹೋದೆವೆಂದು ಪರದೇಶದ ಆ ಹುಡುಗರಲ್ಲೇ ಹಲವರು ಬರೆದಿದ್ದಾರೆ. ಕೊಲ್ಲಲಾಗಲಿಲ್ಲವಂತೆ. ಮಾಮನಿಗೆ ಓದಿ ಹೇಳಿದೆ. "ಒಳ್ಳೇದಾಯ್ತು. ಅವರು ಆಲೂಗೆಡ್ಡೆ ಬೇಯಿಸ್ಕೊಳ್ಳಲಿ" ಎಂದರು.

ಈಗ ನನ್ನ ಬೇಡಿಕೆ. ಹೊಸ ಸಿ.ಡಿ.ಯನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಪರೀಕ್ಷಕರನ್ನು ಕಳಿಸಬೇಡಿ, ತಾವೇ ಕೂತು ಕೊನೆಯ ತನಕ ಆಡಿ. ಆಡಿದ ಮೇಲೆ ನಿಷೇಧ ಇರಲೇಬೇಕು ಅನ್ನಿಸಿದರೆ ಇರಲಿ. ನಮ್ಮ ಆಟವಿಲ್ಲದೆ ಲೋಕ ನಿಲ್ಲುವುದಿಲ್ಲ. ಆದರೆ ಶಾಲೆಗೆ ಬರೆದ ಕಾಗದವನ್ನು ಹಿಂತೆಗೆದುಕೊಳ್ಳಿ. ಜನವರಿಗೆ ಇನ್ನು ಏಳು ವಾರ. ಮಾಮನಿಗೆ ಬೇಡಿ ಕೇಳಿ ಅಭ್ಯಾಸವಿಲ್ಲ, ಈ ಪತ್ರದ ವಿಷಯ ಅವರಿಗೆ ತಿಳಿದಿಲ್ಲ. ಅವರು ಯಂತ್ರಕ್ಕೆ ಎಣ್ಣೆ ಬಿಟ್ಟು, ಬಟ್ಟೆ ಮುಚ್ಚಿ, ಸೈಕಲ್ಲಿನ ಪಕ್ಕದಲ್ಲಿ ಇಟ್ಟಿರುವುದನ್ನು ನಿನ್ನೆ ನೋಡಿ ಬಂದೆ.

ಇಂತಿ, ತಮ್ಮ ಕೃಪೆಯಿಂದ ದೇಶಕ್ಕೆಲ್ಲ ಹೆಸರಾದರೂ ಸ್ವಂತ ಚಿಕ್ಕಮ್ಮನಿಂದ ಇನ್ನೂ ಆಡಿಸಲಾಗದ,
ವಾದಾಸ್ ಎತೆಲ್ಕಾ
ಗುಮಾಸ್ತೆ, ಪಶುವೈದ್ಯರ ಕಚೇರಿ