ಹಳೆಯ ಕಂಪ್ಯೂಟರಿನ ಸಪ್ಪಳ

ನವನಗರ, ಬಾಗಲಕೋಟೆ

ಚಿ. ಶಿರೀಷನಿಗೆ ಅಕ್ಕನ ಆಶೀರ್ವಾದಗಳು.

ನೀನು ಜೋಡಿಸಿಕೊಟ್ಟ ಹೊಸ ಕಂಪ್ಯೂಟರ್ ಚೆನ್ನಾಗಿದೆ. ನಾನು ಗಿರಾಕಿಗಳಿಗೆ ಮಾಡಿಕೊಡುವ ಮನೆಯ ನಕ್ಷೆಯ ಚಿತ್ರವನ್ನು ನೀನು ಒಯ್ದ ಹಳೆಯ ದೊಡ್ಡ ಕಂಪ್ಯೂಟರಿನ ಪ್ರೊಸೆಸರ್ ಮೂರು ನಿಮಿಷದಲ್ಲಿ ಮೂಡಿಸುತ್ತಿತ್ತು; ಕಡಿಮೆ ಕರೆಂಟ್ ತಿನ್ನುವ ಈ ಪ್ರೊಸೆಸರ್ ಹತ್ತು ನಿಮಿಷ ತೆಗೆದುಕೊಳ್ಳುತ್ತದೆ, ಅಷ್ಟೆ. ಕೋಣೆಯಲ್ಲಿ ಧಗೆಯಿಲ್ಲ, ಫ್ಯಾನಿನ ಸಪ್ಪಳವೂ ಇಲ್ಲ.

ತೊಂದರೆ ಅಲ್ಲೇ ಇದೆ. ಕಣ್ಣು ಕಾಣದ ಅವ್ವ ಆ ಸಪ್ಪಳ ಕೇಳಿಯೇ ನಾನು ಮನೆಯಲ್ಲಿದ್ದೇನೆಂದು ತಿಳಿಯುತ್ತಿದ್ದಳು. ಸೈಟ್ ನೋಡಲು ಶಿರೂರಿಗೆ ಹೋಗುವಾಗಲೂ ನಾನು ಅದನ್ನು ಹಚ್ಚಿಟ್ಟೇ ಹೋಗುತ್ತಿದ್ದೆ. ನಿನಗೆ ಹೇಳಿರಲಿಲ್ಲ, ಈಗ ಬುದ್ಧಿ ಹೇಳಲು ಬರಬೇಡ. ಹೊಸದು ಬಂದಾಗಿನಿಂದ ನಾನು ಎದುರಿಗೇ ಕೂತಿದ್ದರೂ ಅವ್ವ ಗಳಿಗೆಗೊಮ್ಮೆ ಕರೆಯುತ್ತಾಳೆ.

ನಿನ್ನೆ ಅವಳ ಮುಂದೆ ಎಲ್ಲ ಒಪ್ಪಿಕೊಂಡೆ.

“ನೀ ಹೋಗೂದು ನನಗ ಗೊತ್ತಿತ್ತು. ಬಾಗಲಾ ಹಾಕೂದು ಕೇಳಸ್ತಿತ್ತಲ್ಲ,” ಅಂದಳು. “ಹಚ್ಚಿಟ್ಟು ಹೋದಾಕಿ ಬಂದ್ ಮಾಡ್ಲಿಕ್ಕಾದ್ರೂ ತಿರುಗಿ ಬರ್ತಾಳ ಅಂತ ಸುಮ್ಮ ಕೂಡ್ತಿದ್ದೆ.”

ಹಳೆಯದನ್ನು ಬಿಚ್ಚಿದ್ದರೆ ಪ್ರೊಸೆಸರ್ ನಿನ್ನ ಹತ್ತಿರವೇ ಇರಲಿ. ಬರೀ ಫ್ಯಾನ್ ತಿರುಗುವ ಹಾಗೆ ಮಾಡಿ, ಅದರ ಖಾಲಿ ಡಬ್ಬಿ ಕಳಿಸು. ಸ್ವಿಚ್ ಮಾತ್ರ, ನಾನು ಬಂದು ಬಂದ್ ಮಾಡಿದ್ದು ಅವ್ವನಿಗೆ ಗಟ್ಟಿಯಾಗಿ ಕೇಳಿಸುವಂಥದ್ದು ಹಾಕು.

ನಿನ್ನ ಅಕ್ಕ,
ಶುಭದಾ